ಸಭೆಯ ಪುಸ್ತಕದಲ್ಲಿ ವಂಶದ ಹೆಜ್ಜೆಗಳು: ನ್ಯೂ ನೆದರ್‌ಲೆಂಡಿನ ಡಚ್ ಕುಟುಂಬಗಳು ಮತ್ತು ಚರ್ಚಿನ ಸದಸ್ಯಪಟ್ಟಿಗಳು

1

ವಂಶಾವಳಿಯ ಅಧ್ಯಯನವೆಂದರೆ ಅರಸು ಮನೆತನಗಳ ಕಾಲಾನುಕ್ರಮಣಿಕೆ ಎಂಬ ಭಾವನೆ ನಮ್ಮ ವಿದ್ವತ್ ವಲಯದಲ್ಲಿ ಬಹುಕಾಲ ಬೇರೂರಿತ್ತು. ಶಾಸನಗಳಲ್ಲಿ ಬರುವ ವಂಶವರ್ಣನೆಗಳು ಈ ಭಾವನೆಗೆ ಪುಷ್ಟಿ ನೀಡಿದುವು. ಒಕ್ಕಲು ಮಕ್ಕಳ ತಲೆಮಾರುಗಳನ್ನು ನೆನಪಿಟ್ಟು ಹೇಳುತ್ತ ಬಂದವರು ಹೆಳವರು ಮಾತ್ರ. ಅಂಥ ಸಾಮಾನ್ಯ ಕುಟುಂಬಗಳ ಚರಿತ್ರೆಯನ್ನು ಬರಹದ ದಾಖಲೆಗಳಿಂದ ಕಟ್ಟುವುದು ಸಾಧ್ಯವೇ, ಸಾಧ್ಯವಾದರೆ ಅದರ ಕ್ರಮವೇನು, ಮಿತಿಗಳೇನು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ಹದಿನೇಳನೆಯ ಶತಮಾನದ ಉತ್ತರ ಅಮೆರಿಕದ ಡಚ್ ವಸಾಹತು ಒಂದು ಉತ್ತಮ ನಿದರ್ಶನವನ್ನು ಒದಗಿಸುತ್ತದೆ. ಅಲ್ಲಿಯ ಚರ್ಚಿನ ಸದಸ್ಯಪಟ್ಟಿಗಳನ್ನು ಓದುವ ವಿಧಾನವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

1609ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಹೆನ್ರಿ ಹಡ್ಸನ್ ಈಗ ಅವನ ಹೆಸರನ್ನೇ ಹೊತ್ತಿರುವ ನದಿಯಲ್ಲಿ ಪಯಣಿಸಿದನು. 1621ರಲ್ಲಿ ವೆಸ್ಟ್ ಇಂಡಿಯಾ ಕಂಪನಿ ಸ್ಥಾಪನೆಗೊಂಡಿತು. 1624ರಲ್ಲಿ ಫ್ರೆಂಚ್ ಮಾತನಾಡುವ ವಲೂನ್ ಕುಟುಂಬಗಳು ಮೊದಲ ನೆಲಸಿಗರಾಗಿ ಬಂದುವು. ಮ್ಯಾನ್‌ಹಟನ್ ದ್ವೀಪದ ತುದಿಯಲ್ಲಿ ಬೆಳೆದ ನ್ಯೂ ಆಮ್‌ಸ್ಟರ್‌ಡ್ಯಾಮ್ ಎಂಬ ಊರು 1664ರಲ್ಲಿ ಇಂಗ್ಲಿಷರ ವಶವಾಗಿ ನ್ಯೂಯಾರ್ಕ್ ಎನಿಸಿತು. 1673ರಲ್ಲಿ ಡಚ್ಚರು ಅದನ್ನು ಮರಳಿ ಗೆದ್ದರಾದರೂ ಮರುವರ್ಷವೇ ಒಪ್ಪಂದದ ಮೂಲಕ ಬಿಟ್ಟುಕೊಟ್ಟರು. ಹೀಗೆ ಡಚ್ ಆಳ್ವಿಕೆಯ ಅವಧಿ ಅರ್ಧ ಶತಮಾನವನ್ನೂ ಮುಟ್ಟಲಿಲ್ಲ. ಆದರೆ ಡಚ್ ರಿಫಾರ್ಮ್ಡ್ ಚರ್ಚು ಆಳ್ವಿಕೆಯೊಡನೆ ಅಳಿಯಲಿಲ್ಲ. ನ್ಯೂಯಾರ್ಕ್ ನಗರದ ಆ ಸಭೆಯಲ್ಲಿ ಇಂಗ್ಲಿಷ್ ಉಪದೇಶಕ್ಕೆ ಎಡೆ ದೊರೆತದ್ದು 1764ರಲ್ಲಿ, ಅಂದರೆ ರಾಜ್ಯ ಕೈತಪ್ಪಿದ ನೂರು ವರ್ಷಗಳ ತರುವಾಯ. ಆ ನೂರು ವರ್ಷಗಳಲ್ಲಿ ಡಚ್ ಭಾಷೆಯನ್ನೂ ಡಚ್ ಹೆಸರುಗಳನ್ನೂ ಕಾದಿರಿಸಿದ ಮುಖ್ಯ ನೆಲೆ ಈ ಸಭೆಯೇ ಆಗಿತ್ತು.

2

ಸದಸ್ಯತ್ವ ಎಂಬ ಪದದ ಅರ್ಥವನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಡಚ್ ಗಣರಾಜ್ಯದಲ್ಲಿ ರಿಫಾರ್ಮ್ಡ್ ಚರ್ಚು ಅಧಿಕೃತ ಮನ್ನಣೆ ಪಡೆದ ಸಭೆಯಾಗಿದ್ದರೂ ಅದರ ಸದಸ್ಯತ್ವ ಎಲ್ಲರಿಗೂ ಹುಟ್ಟಿನಿಂದ ಬರುತ್ತಿರಲಿಲ್ಲ. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಲು ತಂದೆತಾಯಿ ಸದಸ್ಯರಾಗಿರಬೇಕೆಂಬ ಕಟ್ಟುನಿಟ್ಟು ಸಾಮಾನ್ಯವಾಗಿ ಇರಲಿಲ್ಲ, ಮದುವೆಗೂ ಹಾಗೆಯೇ. ಪ್ರಭುಭೋಜನದಲ್ಲಿ ಪಾಲ್ಗೊಳ್ಳುವವನು ಮಾತ್ರ ಸದಸ್ಯ. ಆ ಅರ್ಹತೆಗೆ ಎರಡು ದಾರಿಗಳಿದ್ದುವು. ಒಂದು, ಪ್ರಾಯಕ್ಕೆ ಬಂದ ಮೇಲೆ ಬೋಧಕನ ಮತ್ತು ಸಭೆಯ ಹಿರಿಯರ ಮುಂದೆ ನಂಬಿಕೆಯ ಅರಿಕೆ ಮಾಡುವುದು. ಇನ್ನೊಂದು, ತಾನು ಹಿಂದೆ ಇದ್ದ ಊರಿನ ಸಭೆಯಿಂದ ನಡತೆಯ ಪ್ರಮಾಣಪತ್ರವನ್ನು ತಂದು ಒಪ್ಪಿಸುವುದು. ಈ ಪತ್ರಕ್ಕೆ ಡಚ್ ಭಾಷೆಯಲ್ಲಿ ‘ಅಟೆಸ್ಟಾಟಿ’ ಎಂದು ಹೆಸರು. ಊರು ಬಿಡುವವರಿಗೆ ಸಭೆ ಇಂಥ ಪತ್ರವನ್ನು ಕೊಟ್ಟು, ಪಟ್ಟಿಯಲ್ಲಿ ಅವರ ಹೆಸರಿನ ಬದಿಗೆ ಹೊರಟುಹೋದರೆಂದು ಗುರುತು ಹಾಕುವ ರೂಢಿಯಿತ್ತು.

ಈ ವ್ಯವಸ್ಥೆ ಹೊಸ ನೆಲದಲ್ಲಿ ಹೇಗೆ ಕಾಲೂರಿತೆಂಬುದಕ್ಕೆ ಮೊದಲ ಬೋಧಕ ಯೋನಾಸ್ ಮಿಖಾಯೇಲಿಯುಸ್ 1628ರ ಆಗಸ್ಟ್ 11ರಂದು ಬರೆದ ಪತ್ರವೇ ಸಾಕ್ಷಿ. ಮೊದಲ ಪ್ರಭುಭೋಜನಕ್ಕೆ ವಲೂನರೂ ಡಚ್ಚರೂ ಸೇರಿ ಐವತ್ತು ಮಂದಿ ಬಂದಿದ್ದರೆಂದು ಅವನು ತಿಳಿಸುತ್ತಾನೆ. ಕೆಲವರು ಅಲ್ಲಿಯೇ ಮೊದಲ ಬಾರಿಗೆ ಅರಿಕೆ ಮಾಡಿದರು, ಕೆಲವರು ಪತ್ರಗಳನ್ನು ತೋರಿಸಿದರು. ಇಂಥ ನೆಲದಲ್ಲಿ ಸಭೆಯೊಂದು ಏರ್ಪಟ್ಟೀತೆಂದು ಭಾವಿಸದೆ ಪತ್ರವನ್ನು ತರಲು ಮರೆತವರೂ ಇದ್ದರು. ತಂದ ಪತ್ರವನ್ನು ಬೆಂಕಿಯ ಅನಾಹುತದಲ್ಲಿ ಕಳೆದುಕೊಂಡವರೂ ಇದ್ದರು. ಅಂಥವರನ್ನು ಬಲ್ಲವರ ಮಾತಿನ ಮೇಲೆ ಸೇರಿಸಿಕೊಳ್ಳಲಾಯಿತು. ಸದಸ್ಯಪಟ್ಟಿಯ ಪ್ರತಿಯೊಂದು ಹೆಸರಿನ ಹಿಂದೆಯೂ ಯಾರೋ ಒಬ್ಬರ ಸಾಕ್ಷ್ಯವಿದೆ, ಆ ಸಾಕ್ಷ್ಯ ಕೆಲವೊಮ್ಮೆ ಕಾಗದದ್ದು, ಕೆಲವೊಮ್ಮೆ ಬಾಯಿಮಾತಿನದು ಎಂಬ ಅಂಶವನ್ನು ಈ ಪತ್ರ ನಮಗೆ ಮನದಟ್ಟು ಮಾಡುತ್ತದೆ.

ಆದರೆ ಆ ಐವತ್ತು ಮಂದಿಯ ಪಟ್ಟಿ ಇಂದು ಉಳಿದಿಲ್ಲ. ನ್ಯೂ ಆಮ್‌ಸ್ಟರ್‌ಡ್ಯಾಮಿನ ಮದುವೆ ಮತ್ತು ದೀಕ್ಷಾಸ್ನಾನಗಳ ದಾಖಲೆಗಳಲ್ಲಿ ಉಳಿದಿರುವುವು 1639ರಿಂದ ಈಚಿನವು. ಸದಸ್ಯಪಟ್ಟಿ 1649ರಿಂದ ತೊಡಗುತ್ತದೆ. ಬ್ರೂಕ್ಲಿನ್ ಮತ್ತು ಈಗಿನ ಕಿಂಗ್‌ಸ್ಟನ್ ಊರಿನ ಸಭೆಗಳ ದಾಖಲೆಗಳು 1660ರಿಂದ ದೊರೆಯುತ್ತವೆ. ಆಲ್ಬನಿಯ ಸಭೆ 1642ರಷ್ಟು ಹಳೆಯದಾದರೂ ಅದರ ಉಳಿದಿರುವ ದೀಕ್ಷಾಸ್ನಾನದ ಪುಸ್ತಕ 1683ರಿಂದ ಈಚಿನದು. ಸಭೆಯ ವಯಸ್ಸೂ ಪುಸ್ತಕದ ವಯಸ್ಸೂ ಒಂದೇ ಅಲ್ಲವೆಂಬುದನ್ನು ಸಂಶೋಧಕನು ಮೊದಲು ನೆನಪಿಡಬೇಕು. ಈ ದಾಖಲೆಗಳಲ್ಲಿ ಅನೇಕವು, 1869ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕಿನ ವಂಶಾವಳಿ ಮತ್ತು ಜೀವನಚರಿತ್ರೆಯ ಸಂಘ, 1885ರಲ್ಲಿ ಸ್ಥಾಪನೆಯಾದ ಹಾಲೆಂಡ್ ಸೊಸೈಟಿ ಮೊದಲಾದ ಸಂಸ್ಥೆಗಳ ಪರಿಶ್ರಮದಿಂದ ಪ್ರತಿಗೊಂಡು ಅಚ್ಚಾಗಿವೆ.

3

ಇಂಥ ಪಟ್ಟಿಯನ್ನು ಓದುವವನಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಅಂದಿನ ಡಚ್ ಜನಸಾಮಾನ್ಯರಲ್ಲಿ ಸ್ಥಿರವಾದ ಕುಲನಾಮ ವಿರಳ. ತನ್ನ ಹೆಸರಿನ ಮುಂದೆ ತಂದೆಯ ಹೆಸರನ್ನು ಹಚ್ಚಿಕೊಳ್ಳುವುದು ವಾಡಿಕೆ. ಯಾನನ ಮಗ ಯಾನ್ಸನ್, ಪೀಟರನ ಮಗಳು ಪೀಟರ್ಸ್. ಹೀಗಾಗಿ ಪ್ರತಿ ತಲೆಮಾರಿನಲ್ಲಿಯೂ ಹೆಸರಿನ ಎರಡನೆಯ ಭಾಗ ಬದಲಾಗುತ್ತದೆ. ಅಮೆರಿಕದ ಎಂಟನೆಯ ಅಧ್ಯಕ್ಷನಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರನ್ನನ ಮನೆತನವನ್ನೇ ಗಮನಿಸಬಹುದು. 1631ರಲ್ಲಿ ಬಂದ ಮೂಲಪುರುಷನ ಹೆಸರು ಕೊರ್ನೆಲಿಸ್ ಮಾಸೆನ್, ಅಂದರೆ ಮಾಸನ ಮಗ. ಅವನ ಮಗ ಮಾರ್ಟೆನ್ ಕೊರ್ನೆಲಿಸೆನ್, ಮೊಮ್ಮಗ ಪೀಟರ್ ಮಾರ್ಟೆನ್ಸೆ. ಬ್ಯೂರನ್ ಎಂಬುದು ಅವರ ಮೂಲಸ್ಥಳದ ಕಡೆಯ ಊರಿನ ಹೆಸರು. ಅದು ಕಾಲಕ್ರಮದಲ್ಲಿ ಕುಲನಾಮವಾಗಿ ಗಟ್ಟಿಗೊಂಡಿತು. ಕ್ಲಾಸ್ ಮಾರ್ಟೆನ್ಸನ್ ವಾನ್ ರೋಸೆನ್‌ವೆಲ್ಟ್ ಎಂಬ ವಲಸಿಗನ ಮಗ ನಿಕೊಲಾಸನ ದೀಕ್ಷಾಸ್ನಾನ 1658ರಲ್ಲಿ ದಾಖಲಾಗಿದೆ. ರೂಸ್ವೆಲ್ಟ್ ಎಂಬ ಹೆಸರಿನ ಇಬ್ಬರು ಅಧ್ಯಕ್ಷರ ಕವಲುಗಳೂ ಈ ನಿಕೊಲಾಸನಲ್ಲಿ ಒಂದಾಗುತ್ತವೆ.

ಇಂಗ್ಲಿಷರ ಆಡಳಿತ ಬಂದ ಮೇಲೆ ಅವರ ರೂಢಿಯ ಪ್ರಭಾವದಿಂದ ಕುಲನಾಮಗಳು ಕ್ರಮೇಣ ಸ್ಥಿರವಾದುವು. ಒಂದೇ ಮನೆಯ ಇಬ್ಬರು ಸೋದರರಲ್ಲಿ ಒಬ್ಬನು ತಂದೆಯ ಹೆಸರನ್ನೂ ಇನ್ನೊಬ್ಬನು ಊರಿನ ಹೆಸರನ್ನೂ ಕುಲನಾಮವಾಗಿ ಉಳಿಸಿಕೊಳ್ಳುವ ಸಂಭವವೂ ಇತ್ತು. ಇದು ಹೊರನಾಡ ಕನ್ನಡಿಗರಿಗೆ ಅಪರಿಚಿತವಾದ ಸಂಗತಿಯಲ್ಲ. ಊರಿನಲ್ಲಿ ಎರಡು ಇನಿಷಿಯಲ್‌ಗಳೊಂದಿಗೆ ಸುಖವಾಗಿದ್ದ ಹೆಸರು ಮುಂಬಯಿಯ ಶಾಲೆಯಲ್ಲೋ ಕಚೇರಿಯಲ್ಲೋ ‘ಆಡನಾಂವ್’ ಕೇಳಿದ ಗುಮಾಸ್ತನ ಮುಂದೆ ನಿಂತಾಗ, ಅಣ್ಣನಿಗೆ ಊರಿನ ಹೆಸರೂ ತಮ್ಮನಿಗೆ ತಂದೆಯ ಹೆಸರೂ ಕುಲನಾಮವಾದ ಮನೆಗಳು ನಮ್ಮಲ್ಲಿ ಇವೆ. ನೂರು ವರ್ಷಗಳ ನಂತರ ಆ ಎರಡು ಶಾಖೆಗಳನ್ನು ಒಂದೆಂದು ಗುರುತಿಸುವುದು ಎಷ್ಟು ಕಠಿಣವೆಂಬುದನ್ನು ನಾವು ಸುಲಭವಾಗಿ ಊಹಿಸಬಲ್ಲೆವು.

ಈ ತೊಡಕನ್ನು ಬಿಡಿಸುವಲ್ಲಿ ಸದಸ್ಯಪಟ್ಟಿಗಳ ಎರಡು ಲಕ್ಷಣಗಳು ನೆರವಾಗುತ್ತವೆ. ಮೊದಲನೆಯದು, ಡಚ್ ಪದ್ಧತಿಯಲ್ಲಿ ವಿವಾಹಿತೆ ತನ್ನ ತಂದೆಯ ಕಡೆಯ ಹೆಸರನ್ನು ಬಿಡುತ್ತಿರಲಿಲ್ಲ. ಪಟ್ಟಿಯಲ್ಲಿ ಗಂಡನ ಹೆಸರಿನ ಬಳಿಯೇ ಹೆಂಡತಿಯ ಸ್ವಂತ ಹೆಸರೂ ಬರುವುದರಿಂದ ತಾಯಿಯ ಕಡೆಯ ವಂಶವನ್ನೂ ಹಿಂಬಾಲಿಸಬಹುದು. ಅದೇ ಹೆಸರಿನ ಬೇರೆ ದಂಪತಿಗಳಿಂದ ಇವರನ್ನು ಪ್ರತ್ಯೇಕಿಸಬಹುದು. ಎರಡನೆಯದು, ಪ್ರಮಾಣಪತ್ರ ಯಾವ ಊರಿನಿಂದ ಬಂದಿತೆಂಬ ಉಲ್ಲೇಖ. ಆಮ್‌ಸ್ಟರ್‌ಡ್ಯಾಮಿನಿಂದ ಎಂದಿದ್ದರೆ ಅಲ್ಲಿಯ ನಗರ ದಾಖಲೆಗಾರದಲ್ಲಿರುವ ವಿವಾಹ ನಿಶ್ಚಯದ ಪುಸ್ತಕಗಳತ್ತ ಹೊರಳಬಹುದು. ಆದರೆ ಪತ್ರ ಬಂದ ಊರು ಹುಟ್ಟೂರೇ ಆಗಿರಬೇಕೆಂದಿಲ್ಲ. ಹಡಗು ಹತ್ತುವ ಮುನ್ನ ಕೆಲವು ವರ್ಷ ತಂಗಿದ್ದ ಊರೂ ಆಗಿರಬಹುದು. ಅರಿಕೆಯಿಂದ ಸೇರಿದವನ ಹುಟ್ಟಿದ ವರ್ಷವನ್ನು ಸ್ಥೂಲವಾಗಿ ಊಹಿಸಬಹುದಾದರೂ ನಡುವಯಸ್ಸಿನಲ್ಲಿ ಅರಿಕೆ ಮಾಡಿದವರೂ ಇದ್ದುದರಿಂದ ದೀಕ್ಷಾಸ್ನಾನದ ದಾಖಲೆಯೊಡನೆ ತಾಳೆ ನೋಡದೆ ಅದನ್ನು ನಿರ್ಣಯವೆನ್ನಲಾಗದು. 1664ರ ಅನಂತರದ ಇಂಗ್ಲಿಷ್ ಸರ್ಕಾರಿ ಕಾಗದಗಳು ಹಳೆಯ ಜೂಲಿಯನ್ ಪಂಚಾಂಗವನ್ನು ಅನುಸರಿಸಿದುದರಿಂದ ತಿಥಿಗಳಲ್ಲಿ ಹತ್ತು ದಿನಗಳ ಅಂತರ ಕಾಣಬಹುದೆಂಬುದೂ ಗಮನಾರ್ಹ.

ಈ ಬಗೆಯ ದಾಖಲೆಗಳಲ್ಲಿ ವಿಶಿಷ್ಟವಾದುದು ಬೋಧಕ ಹೆನ್ರಿಕುಸ್ ಸೆಲೈನ್ಸ್ 1686ರಲ್ಲಿ ಸಿದ್ಧಪಡಿಸಿದ ಪಟ್ಟಿ. 1660ರಲ್ಲಿ ಬ್ರೂಕ್ಲಿನ್ನಿಗೆ ಬಂದು, 1664ರಲ್ಲಿ ತಾಯ್ನಾಡಿಗೆ ಮರಳಿ, 1682ರಲ್ಲಿ ನ್ಯೂಯಾರ್ಕಿನ ಬೋಧಕನಾಗಿ ಮತ್ತೆ ಬಂದು 1701ರಲ್ಲಿ ತೀರಿಕೊಂಡವನು ಈತ. ಮನೆಮನೆಗೆ ಭೇಟಿ ಕೊಡುವ ಅನುಕೂಲಕ್ಕಾಗಿಯೋ ಏನೋ, ಅವನು ಸದಸ್ಯರನ್ನು ಅಕಾರಾದಿಯಾಗಿ ಜೋಡಿಸದೆ ಬೀದಿಗಳ ಪ್ರಕಾರ ಜೋಡಿಸಿದ್ದಾನೆ. ಇಂದಿನ ಬ್ರಾಡ್‌ವೇ, ಪರ್ಲ್ ಸ್ಟ್ರೀಟ್‌ಗಳು ಅಲ್ಲಿ ತಮ್ಮ ಡಚ್ ಹೆಸರುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇಂಗ್ಲಿಷರ ಆಳ್ವಿಕೆಗೆ ಇಪ್ಪತ್ತೆರಡು ವರ್ಷ ಸಂದ ಊರಿನಲ್ಲಿ ಡಚ್ ಮನೆಗಳು ಎಲ್ಲೆಲ್ಲಿ ಇದ್ದುವು, ಯಾರು ಯಾರ ನೆರೆಯವರು ಎಂಬುದನ್ನು ಇದು ತಿಳಿಸುತ್ತದೆ. ನೆರೆಯವರೇ ಮಕ್ಕಳ ದೀಕ್ಷಾಸ್ನಾನಕ್ಕೆ ಸಾಕ್ಷಿಗಳಾಗುವುದುಂಟು, ಬೀಗರಾಗುವುದುಂಟು. ಆದ್ದರಿಂದ ಬೀದಿಯೂ ವಂಶಸಂಶೋಧನೆಗೆ ಒಂದು ಆಕರ.

4

ಪಟ್ಟಿಯಲ್ಲಿ ಇರುವವರಷ್ಟೇ ಮುಖ್ಯ ಇಲ್ಲದವರು. ಲೂಥರನ ಪಂಥದವರಿಗೆ ಡಚ್ ಆಳ್ವಿಕೆಯಲ್ಲಿ ಬಹಿರಂಗ ಆರಾಧನೆಗೆ ಅನುಮತಿ ಇರಲಿಲ್ಲ. 1657ರಲ್ಲಿ ಬಂದ ಅವರ ಬೋಧಕನನ್ನು 1659ರಲ್ಲಿ ಹಿಂದಕ್ಕೆ ಕಳುಹಿಸಲಾಯಿತು. 1654ರಲ್ಲಿ ಬಂದ ಯಹೂದ್ಯರೂ ಅನಂತರ ಬಂದ ಕ್ವೇಕರರೂ ಈ ಪುಸ್ತಕಗಳ ಹೊರಗೇ ಉಳಿದವರು. ಹೆಸರಿಲ್ಲವೆಂದ ಮಾತ್ರಕ್ಕೆ ಕುಟುಂಬವೇ ಇರಲಿಲ್ಲವೆಂದು ತೀರ್ಮಾನಿಸುವುದು ದೊಡ್ಡ ಪ್ರಮಾದ.

ಇದಕ್ಕಿಂತ ಮನಕಲಕುವುದು ಆಫ್ರಿಕದಿಂದ ತರಲ್ಪಟ್ಟ ಗುಲಾಮರ ವಿಷಯ. 1641ರ ಮೇ 5ರಂದು ಅಂಗೋಲದ ಆಂಟೊನಿ ಎಂಬ ವಿಧುರನಿಗೂ ಅಂಗೋಲದ ಲೂಸಿ ಎಂಬ ವಿಧವೆಗೂ ವಿವಾಹವಾದುದು ಸಭೆಯ ಪುಸ್ತಕದಲ್ಲಿ ದಾಖಲಾಗಿದೆ. ತೀರಿಹೋದ ಪತಿಪತ್ನಿಯರ ಹೆಸರುಗಳೂ ಅಲ್ಲಿವೆ. ಇನ್ನಾವ ಆಕರದಲ್ಲಿಯೂ ಮನುಷ್ಯರಾಗಿ ಕಾಣಿಸಿಕೊಳ್ಳಲು ಕಷ್ಟವಾಗಿದ್ದ ನಾಲ್ವರು ಇಲ್ಲಿ ಗಂಡಹೆಂಡಿರಾಗಿ ನಿಂತಿದ್ದಾರೆ. 1644ರಲ್ಲಿ ಹನ್ನೊಂದು ಮಂದಿಗೆ ಕಂಪನಿ ನಿಬಂಧನೆಗೊಳಪಟ್ಟ ಸ್ವಾತಂತ್ರ್ಯವನ್ನು ಕೊಟ್ಟರೂ ಅವರ ಮಕ್ಕಳನ್ನು ಗುಲಾಮರಾಗಿಯೇ ಉಳಿಸಿಕೊಂಡಿತು. ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಲು ತಂದೆತಾಯಿಗಳು ಸಭೆಗೆ ಬಂದರು. ಆದರೆ 1664ರಲ್ಲಿ ಸೆಲೈನ್ಸ್ ಬರೆದ ಪತ್ರದಲ್ಲಿ, ಅವರ ಗುರಿ ಮಕ್ಕಳನ್ನು ದೇಹದ ದಾಸ್ಯದಿಂದ ಬಿಡಿಸುವುದಲ್ಲದೆ ಬೇರೇನೂ ಅಲ್ಲವೆಂಬ ಕಾರಣದಿಂದ ತಾವು ನಿರಾಕರಿಸುತ್ತಿರುವುದಾಗಿ ತಿಳಿಸುತ್ತಾನೆ. ಬೀದಿಬೀದಿಯ ಹೆಸರುಗಳನ್ನು ಅಷ್ಟು ಅಕ್ಕರೆಯಿಂದ ಬರೆದಿಟ್ಟ ಲೇಖನಿಯೇ ಈ ಮಕ್ಕಳ ಹೆಸರುಗಳನ್ನು ಬರೆಯಲೊಲ್ಲದೆ ಹೋಯಿತು. ಅವರ ಸಂತತಿಯವರು ಇಂದು ತಮ್ಮ ಪೂರ್ವಿಕರನ್ನು ಹುಡುಕುವಾಗ ತಡೆದು ನಿಲ್ಲುವುದು ಈ ಬರೆಯದ ಸಾಲುಗಳ ಬಳಿ.

ಬರೆದ ಸಾಲುಗಳನ್ನು ಕಡೆಗಣಿಸಿದಾಗ ಏನಾಗುತ್ತದೆಂಬುದಕ್ಕೆ ಆನೆಕೆ ಯಾನ್ಸ್ ಎಂಬಾಕೆಯ ಪ್ರಸಂಗ ಉದಾಹರಣೆ. ಎರಡನೆಯ ಮದುವೆಯಲ್ಲಿ ಬೋಧಕ ಎವರಾರ್ಡುಸ್ ಬೋಗಾರ್ಡುಸನ ಕೈಹಿಡಿದ ಈಕೆ 1663ರಲ್ಲಿ ತೀರಿಕೊಂಡಳು. ಆಕೆಗೆ ಸೇರಿದ್ದ ಮ್ಯಾನ್‌ಹಟನ್ನಿನ ಸುಮಾರು 62 ಎಕರೆ ಭೂಮಿ ಮಾರಾಟವಾಗಿ, ಕಾಲಾಂತರದಲ್ಲಿ ಟ್ರಿನಿಟಿ ಚರ್ಚಿನ ಆಸ್ತಿಯಲ್ಲಿ ಸೇರಿತು. ನಗರ ಬೆಳೆದು ನೆಲದ ಬೆಲೆ ಏರಿದಂತೆ, ತಾವು ಆಕೆಯ ವಂಶಜರೆಂದು ಹಕ್ಕು ಸಾಧಿಸಿ ತಲೆಮಾರುಗಳವರೆಗೆ ದಾವೆ ಹೂಡಿದವರು ಅನೇಕರು. ಆಕೆ ಆರೆಂಜ್ ರಾಜಮನೆತನದ ಮೊಮ್ಮಗಳೆಂಬ ಕಥೆಯೂ ಹುಟ್ಟಿಕೊಂಡಿತು. ಆಮ್‌ಸ್ಟರ್‌ಡ್ಯಾಮಿನ 1623ರ ವಿವಾಹ ದಾಖಲೆಯಾದರೋ ಆಕೆ ನಾರ್ವೆಯ ಕರಾವಳಿಯ ಫ್ಲೆಕ್ಕೆರೊ ದ್ವೀಪದವಳೆಂದೂ ಮೊದಲ ಗಂಡ ಒಬ್ಬ ನಾವಿಕನೆಂದೂ ಹೇಳುತ್ತದೆ. ‘ಡಚ್ ಕುಟುಂಬ’ ಎಂದು ನಾವು ಕರೆಯುವವರಲ್ಲಿ ನಾರ್ವೆಯವರು, ಜರ್ಮನರು, ವಲೂನರು ಎಷ್ಟೋ ಮಂದಿ ಇದ್ದರು. ಅವರನ್ನು ಡಚ್ಚರನ್ನಾಗಿಸಿದ್ದು ರಕ್ತಕ್ಕಿಂತ ಹೆಚ್ಚಾಗಿ ಸಭೆ ಮತ್ತು ಭಾಷೆ.

5

ಸದಸ್ಯಪಟ್ಟಿ ರಕ್ತಸಂಬಂಧದ ಪುಸ್ತಕವಲ್ಲ. ಊರು ಬಿಟ್ಟು ಬಂದವರನ್ನು ಒಂದು ಸಮುದಾಯ ತನ್ನವರೆಂದು ಒಪ್ಪಿಕೊಂಡ, ಕೆಲವೊಮ್ಮೆ ಒಪ್ಪದೆ ಹೋದ ದಾಖಲೆ. ಮದುವೆ, ದೀಕ್ಷಾಸ್ನಾನ, ಆಸ್ತಿಪತ್ರಗಳೊಡನೆ ಸೇರಿಸಿ ಓದಿದಾಗ ಮಾತ್ರ ಅದು ವಂಶವನ್ನು ಕುರಿತು ಮಾತನಾಡುತ್ತದೆ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳ, ರಾತ್ರಿಶಾಲೆಗಳ, ಕನ್ನಡ ಸಭೆಗಳ ಹಳೆಯ ಸದಸ್ಯ ಪುಸ್ತಕಗಳಲ್ಲಿ ಹೆಸರು, ಊರು, ಉದ್ಯೋಗ, ಪರಿಚಯ ಹೇಳಿದವರ ಸಹಿ ಇವೆಲ್ಲ ಇರುವುದು ಸಾಧ್ಯ. ವಂತಿಗೆಯ ಲೆಕ್ಕ ಮುಗಿದೊಡನೆ ಅವು ರದ್ದಿಗೆ ಸೇರುತ್ತವೆ. ನಾಳೆ ನಮ್ಮ ಮೊಮ್ಮಕ್ಕಳು ತಮ್ಮ ಊರನ್ನು ಹುಡುಕಿಕೊಂಡು ಹೊರಟಾಗ ಆ ಪುಸ್ತಕಗಳೇ ಅವರ ಅಟೆಸ್ಟಾಟಿ ಆಗಬಲ್ಲವು. ಅವುಗಳ ಪ್ರತಿ ಮಾಡಿ ಕಾಪಾಡುವ ಕಾರ್ಯವನ್ನು ಕನ್ನಡ ವಿಭಾಗಗಳ ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳುವುದು ಉಚಿತ. ಹಾಗೆ ಮಾಡುವಾಗ ಆ ಪುಸ್ತಕಗಳಲ್ಲಿ ಯಾರ ಹೆಸರು ಸೇರಲಿಲ್ಲ, ಏಕೆ ಸೇರಲಿಲ್ಲ ಎಂಬ ಪ್ರಶ್ನೆಯನ್ನೂ ಅವರು ಬರೆದಿಡಬೇಕು.