ಸರ್ಕಾರದ ಕಡತದಲ್ಲಿ ಜನರ ಬದುಕು: ಕಾಯುವ ಹೊಣೆ ಯಾರದು?

2007ರ ಅಕ್ಟೋಬರ್ 18ರಂದು ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿರುವ ವಾಷಿಂಗ್ಟನ್ ಎಂಬ ಪಟ್ಟಣದ ಕಂದಾಯ ಮತ್ತು ಸುಂಕ ಇಲಾಖೆಯ ಕಚೇರಿಯಿಂದ ಎರಡು ಸಿ.ಡಿ.ಗಳು ಟಪಾಲಿನಲ್ಲಿ ಹೊರಟವು. ಸೇರಬೇಕಾಗಿದ್ದುದು ಲಂಡನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಗೆ. ನೋಂದಣಿ ಮಾಡಿಸದೆ ಸಾಮಾನ್ಯ ಲಕೋಟೆಯಲ್ಲಿ ಕಳುಹಿಸಿದ್ದ ಆ ಸಿ.ಡಿ.ಗಳು ವಿಳಾಸ ತಲುಪಲಿಲ್ಲ. ಇಂದಿಗೂ ಅವು ಎಲ್ಲಿವೆ ಎಂಬುದು ಪತ್ತೆಯಾಗಿಲ್ಲ.

ಅವುಗಳಲ್ಲಿ ಇದ್ದುದು ಮಕ್ಕಳ ಭತ್ಯೆ ಪಡೆಯುತ್ತಿದ್ದ 72.5 ಲಕ್ಷ ಕುಟುಂಬಗಳ 2.5 ಕೋಟಿ ಜನರ ವಿವರ. ಹೆಸರು, ವಿಳಾಸ, ಹುಟ್ಟಿದ ದಿನಾಂಕ, ರಾಷ್ಟ್ರೀಯ ವಿಮಾ ಸಂಖ್ಯೆ, ಹಲವರ ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವೂ ಒಂದೆಡೆ ಇದ್ದವು. ಸಿ.ಡಿ.ಗೆ ಪಾಸ್‌ವರ್ಡ್ ಇತ್ತಾದರೂ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸಿರಲಿಲ್ಲ. ನವೆಂಬರ್ 20ರಂದು ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಸಂಸತ್ತಿನಲ್ಲಿ ವಿಷಯ ಬಹಿರಂಗಪಡಿಸಿದರು. ಇಲಾಖೆಯ ಅಧ್ಯಕ್ಷ ಪಾಲ್ ಗ್ರೇ ರಾಜೀನಾಮೆ ನೀಡಿದರು.

ಸರ್ಕಾರಿ ಇಲಾಖೆಯಲ್ಲಿ ದತ್ತಾಂಶ ಸಂರಕ್ಷಣೆಯ ನೇತೃತ್ವ ಎಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಸಿಗುವುದು ಕಷ್ಟ. ಜನರ ಮಾಹಿತಿಯನ್ನು ಕಾಪಾಡುವ ಸ್ಪಷ್ಟ ಹೊಣೆಯನ್ನು ಕಾನೂನಿನ ಮೂಲಕ ಇಲಾಖೆಗಳ ಮೇಲೆ ಹೊರಿಸುತ್ತಿರುವ ಭಾರತಕ್ಕೂ, ಕರ್ನಾಟಕಕ್ಕೂ ಅದು ಇಂದು ಹತ್ತಿರದ ಪಾಠ.

ತಪ್ಪು ಗುಮಾಸ್ತನದೇ?

ಆರಂಭದಲ್ಲಿ ಎಲ್ಲರ ಬೆರಳೂ ಸಿ.ಡಿ. ಕಳುಹಿಸಿದ ಕೆಳಹಂತದ ನೌಕರನ ಕಡೆಗೆ ತಿರುಗಿತು. ಆದರೆ 2008ರ ಜೂನ್‌ನಲ್ಲಿ ಪ್ರಕಟವಾದ ತನಿಖಾ ವರದಿಗಳು ಬೇರೆಯದೇ ಚಿತ್ರ ನೀಡಿದವು. ಲೆಕ್ಕಪರಿಶೋಧಕ ಕಿಯರನ್ ಪಾಯಿಂಟರ್ ಅವರ ವರದಿಯು ಈ ಅನಾಹುತವನ್ನು ಸಂಪೂರ್ಣವಾಗಿ ತಪ್ಪಿಸಬಹುದಾಗಿತ್ತು ಎಂದಿತು. ಮಾಹಿತಿಯ ಭದ್ರತೆ ಇಲಾಖೆಯ ಆದ್ಯತೆಯಾಗಿರಲಿಲ್ಲ, ಯಾವ ಮಾಹಿತಿಗೆ ಯಾರು ಜವಾಬ್ದಾರರು ಎಂಬುದು ನಿಶ್ಚಿತವಾಗಿರಲಿಲ್ಲ.

ಹೆಚ್ಚು ಕಳವಳಕಾರಿಯಾದದ್ದು ಇನ್ನೊಂದು ಸಂಗತಿ. 2007ರ ಮಾರ್ಚ್‌ನಲ್ಲಿಯೇ ಲೆಕ್ಕಪರಿಶೋಧಕರು, ತಮಗೆ ವಿಳಾಸ, ಬ್ಯಾಂಕ್ ವಿವರ, ಪೋಷಕರ ವಿವರ ಬೇಕಿಲ್ಲ, ಅವನ್ನು ತೆಗೆದು ಕೊಡಿ ಎಂದು ಕೇಳಿದ್ದರು. ಹಾಗೆ ಬೇರ್ಪಡಿಸಲು ಹೆಚ್ಚುವರಿ ಖರ್ಚು ತಗಲುತ್ತದೆ ಎಂಬ ಕಾರಣಕ್ಕೆ ಇಲಾಖೆ ಇಡೀ ಕಡತವನ್ನೇ ಕೊಡಲು ಒಪ್ಪಿತು. ಅಂದರೆ ಕೇಳಿದವರಿಗೆ ಬೇಡವಾಗಿದ್ದ ಮಾಹಿತಿಯೇ ದಾರಿಯಲ್ಲಿ ಕಳೆದುಹೋಯಿತು! ಸಿ.ಡಿ. ತಲುಪಿಲ್ಲವೆಂದು ತಿಳಿದಾಗ ಮತ್ತೊಂದು ಜೊತೆಯನ್ನು ಈ ಬಾರಿ ನೋಂದಾಯಿತ ಅಂಚೆಯಲ್ಲಿ ಕಳುಹಿಸಲಾಯಿತು. ಆಗಲೂ ಪೂರ್ಣ ಮಾಹಿತಿಯೇ ಹೋಯಿತು. ‘ಇಷ್ಟೊಂದು ಏಕೆ ಕಳುಹಿಸುತ್ತಿದ್ದೇವೆ’ ಎಂದು ತಡೆಯುವ ಅಧಿಕಾರವುಳ್ಳ ಒಬ್ಬ ವ್ಯಕ್ತಿಯೂ ಆ ಸರಪಳಿಯಲ್ಲಿ ಇರಲಿಲ್ಲ.

ಇದರ ನಂತರ ಬ್ರಿಟನ್ನಿನ ಸಚಿವ ಸಂಪುಟ ಕಚೇರಿಯು ಎಲ್ಲ ಇಲಾಖೆಗಳಿಗೂ ಅನ್ವಯಿಸುವ ನಿಯಮಗಳನ್ನು ತಂದಿತು. ಪ್ರತಿ ಇಲಾಖೆಯ ಆಡಳಿತ ಮಂಡಳಿಯಲ್ಲಿ ಮಾಹಿತಿಯ ಅಪಾಯಕ್ಕೆ ಹೊಣೆಯಾಗುವ ಹಿರಿಯ ಅಧಿಕಾರಿಯೊಬ್ಬರು ಇರಬೇಕು, ಪ್ರತಿಯೊಂದು ಪ್ರಮುಖ ಮಾಹಿತಿ ಭಂಡಾರಕ್ಕೂ ಹೆಸರಿಸಿದ ಒಬ್ಬ ‘ಒಡೆಯ’ ಇರಬೇಕು, ಕಚೇರಿಯಿಂದ ಹೊರಹೋಗುವ ಉಪಕರಣಗಳಲ್ಲಿನ ಖಾಸಗಿ ಮಾಹಿತಿ ಗೂಢಲಿಪಿಯಲ್ಲಿರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಬೀಗ ಬಲಪಡಿಸುವುದಕ್ಕಿಂತ ಮೊದಲು ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನು ತೀರ್ಮಾನಿಸಿದಂತಾಯಿತು.

ಖಾಸಗಿತನಕ್ಕೆ ಪ್ರತ್ಯೇಕ ಅಧಿಕಾರಿ

ಇಂತಹ ಹುದ್ದೆಯನ್ನು ಶಾಸನದ ಮೂಲಕವೇ ಸೃಷ್ಟಿಸಿದ ಮೊದಲ ಪ್ರಮುಖ ಉದಾಹರಣೆ ಅಮೆರಿಕದ್ದು. 2001ರ ಭಯೋತ್ಪಾದಕ ದಾಳಿಯ ಬಳಿಕ ಸ್ಥಾಪನೆಯಾದ ಆಂತರಿಕ ಭದ್ರತಾ ಇಲಾಖೆಗೆ ಜನರ ಮಾಹಿತಿ ಸಂಗ್ರಹಿಸುವ ವ್ಯಾಪಕ ಅಧಿಕಾರ ದೊರೆಯಿತು. ಅದರ ಜೊತೆಯಲ್ಲೇ 2002ರ ಶಾಸನವು ಆ ಇಲಾಖೆಗೆ ಖಾಸಗಿತನದ ಮುಖ್ಯಾಧಿಕಾರಿಯೊಬ್ಬರು ಇರಲೇಬೇಕೆಂದು ವಿಧಿಸಿತು. 2003ರಲ್ಲಿ ನುವಾಲಾ ಓಕಾನರ್ ಕೆಲ್ಲಿ ಆ ಹುದ್ದೆಯ ಮೊದಲ ಅಧಿಕಾರಿಯಾದರು. 2007ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಈ ಅಧಿಕಾರಿಯ ವರದಿ, ಇಲಾಖೆಯ ಮುಖ್ಯಸ್ಥರು ತಿದ್ದುವ ಅವಕಾಶವಿಲ್ಲದೆ, ನೇರವಾಗಿ ಅಲ್ಲಿನ ಸಂಸತ್ತಿಗೆ ಹೋಗುತ್ತದೆ.

ಐರೋಪ್ಯ ಒಕ್ಕೂಟ ಇನ್ನೂ ಮುಂದೆ ಹೋಯಿತು. 2018ರ ಮೇ 25ರಂದು ಜಾರಿಗೆ ಬಂದ ಅದರ ದತ್ತಾಂಶ ಸಂರಕ್ಷಣಾ ನಿಯಮಾವಳಿಯ ಪ್ರಕಾರ ಸರ್ಕಾರಿ ಸಂಸ್ಥೆಗಳು ಕಡ್ಡಾಯವಾಗಿ ದತ್ತಾಂಶ ಸಂರಕ್ಷಣಾಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿಗೆ ಹೀಗೆಯೇ ಅಭಿಪ್ರಾಯ ಕೊಡು ಎಂದು ಯಾರೂ ಆದೇಶಿಸುವಂತಿಲ್ಲ. ಕರ್ತವ್ಯ ನಿರ್ವಹಿಸಿದ ಕಾರಣಕ್ಕೆ ತೆಗೆದುಹಾಕುವಂತಿಲ್ಲ. ಅವರು ಸಂಸ್ಥೆಯ ಉನ್ನತ ಸ್ತರಕ್ಕೆ ನೇರವಾಗಿ ವರದಿ ಮಾಡಬೇಕು. ಗಣಕ ವಿಭಾಗದ ಮುಖ್ಯಸ್ಥರಿಗೇ ಈ ಹೊಣೆಯನ್ನೂ ಅಂಟಿಸುವುದು ಸರಿಯಲ್ಲ ಎಂಬುದು ಅಲ್ಲಿನ ಮಾರ್ಗದರ್ಶಿ ಸೂತ್ರ. ವ್ಯವಸ್ಥೆಯನ್ನು ರೂಪಿಸುವವರೇ ಅದರ ತಪ್ಪನ್ನು ಎತ್ತಿ ತೋರಿಸಲಿ ಎಂದು ನಿರೀಕ್ಷಿಸುವುದು ಹೇಗೆ?

ಕನ್ನಡ ನಾಡಿನ ನಂಟು

ಭಾರತದಲ್ಲಿ ಖಾಸಗಿತನದ ಚರ್ಚೆಗೆ ಸಾಂವಿಧಾನಿಕ ತಳಹದಿ ಒದಗಿಸಿದ ಪ್ರಕರಣದ ಹಿಂದಿರುವುದು ಕನ್ನಡಿಗರೊಬ್ಬರ ಹೆಸರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2024ರಲ್ಲಿ ಅವರು ನಿಧನರಾದರು. ಖಾಸಗಿತನದ ಯಾವುದೇ ಮೊಕದ್ದಮೆಯಲ್ಲಿ ಅವರ ಹೆಸರಿನ ಆ ತೀರ್ಪು ಇಂದಿಗೂ ಉಲ್ಲೇಖವಾಗುತ್ತಲೇ ಇದೆ.

ಅದೇ 2017ರಲ್ಲಿ ಬಯಲಾದ ಇನ್ನೊಂದು ವಿಷಯವೂ ಗಮನಾರ್ಹ. ಕೇಂದ್ರ ಮತ್ತು ರಾಜ್ಯಗಳ ಇಲಾಖೆಗಳೂ ಕೆಲವು ಶಿಕ್ಷಣ ಸಂಸ್ಥೆಗಳೂ ಸೇರಿ ಸುಮಾರು 210 ಜಾಲತಾಣಗಳು ಫಲಾನುಭವಿಗಳ ಪಟ್ಟಿಯೊಂದಿಗೆ ಆಧಾರ್ ಸಂಖ್ಯೆಯನ್ನೂ ಪ್ರದರ್ಶಿಸಿದ್ದವು ಎಂದು ಸರ್ಕಾರವೇ ಒಪ್ಪಿಕೊಂಡಿತು. ಅಲ್ಲಿ ಕಳ್ಳರು ಕನ್ನ ಕೊರೆದಿರಲಿಲ್ಲ. ಪಾರದರ್ಶಕತೆ ತೋರಿಸುವ ಉತ್ಸಾಹದಲ್ಲಿ ಕಚೇರಿಗಳೇ ಬಾಗಿಲು ತೆರೆದಿಟ್ಟಿದ್ದವು.

ಕರ್ನಾಟಕದಲ್ಲಿ ಈ ಪ್ರಶ್ನೆಯ ಗಾತ್ರ ದೊಡ್ಡದು. ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿ ದೇಶಕ್ಕೆ ಮಾದರಿಯಾದ ರಾಜ್ಯ ಇದು. ಜಾತಿ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ವಿದ್ಯಾರ್ಥಿವೇತನ ಎಲ್ಲಕ್ಕೂ ಇಂದು ಗಣಕದ ಮುಂದೆಯೇ ಅರ್ಜಿ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭಿಸಿದಾಗ ವಿಷಯ ಹೈಕೋರ್ಟಿಗೆ ಹೋಯಿತು. ಸಮೀಕ್ಷೆಗೆ ತಡೆ ನೀಡಲು ನಿರಾಕರಿಸಿದ ನ್ಯಾಯಾಲಯ, ಸಂಗ್ರಹಿಸಿದ ಮಾಹಿತಿಯನ್ನು ಯಾರಿಗೂ ಬಹಿರಂಗಪಡಿಸಬಾರದು, ಮಾಹಿತಿ ನೀಡುವುದು ಜನರ ಇಚ್ಛೆಗೆ ಬಿಟ್ಟದ್ದೆಂದು ತಿಳಿಸಬೇಕು, ಗೋಪ್ಯತೆ ಕಾಯಲು ಕೈಗೊಂಡ ಕ್ರಮಗಳ ಬಗ್ಗೆ ಆಯೋಗ ಪ್ರಮಾಣಪತ್ರ ಸಲ್ಲಿಸಬೇಕು ಎಂದು ಮಧ್ಯಂತರ ಆದೇಶ ನೀಡಿತು. ಮಾಹಿತಿ ಕಾಯುವ ಯೋಜನೆ ಏನು ಎಂದು ನ್ಯಾಯಾಲಯ ಕೇಳಿದಾಗ ಉತ್ತರಿಸುವ ಸಿದ್ಧತೆ ಇನ್ನು ಪ್ರತಿ ಇಲಾಖೆಗೂ ಬೇಕಾಗುತ್ತದೆ.

ಹೊಸ ಕಾನೂನು ಹೇಳುವುದೇನು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಾಯ್ದೆಯ ಮುಖ್ಯ ಹೊಣೆಗಾರಿಕೆಗಳು ಆ ದಿನದಿಂದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಲ್ಲಿ ಜಾರಿಗೆ ಬರುವಂತೆ ಹಂತ ಹಂತದ ವ್ಯವಸ್ಥೆ ಮಾಡಲಾಗಿದೆ. ಮಾಹಿತಿಯನ್ನು ಏಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವವರನ್ನು ಕಾಯ್ದೆ ‘ಡೇಟಾ ಫಿಡ್ಯೂಷರಿ’ ಎನ್ನುತ್ತದೆ. ನಂಬಿ ಒಪ್ಪಿಸಿದ್ದನ್ನು ಕಾಯುವ ಹೊಣೆಗಾರ ಎಂಬುದು ಇದರ ತಾತ್ಪರ್ಯ. ಖಾಸಗಿ ಕಂಪನಿಗಳಂತೆ ಸರ್ಕಾರಿ ಇಲಾಖೆಗಳೂ ಈ ವ್ಯಾಖ್ಯೆಯೊಳಗೆ ಬರುತ್ತವೆ.

ಸಹಾಯಧನ, ಸೇವೆ, ಪ್ರಮಾಣಪತ್ರ, ಪರವಾನಗಿ ನೀಡುವಾಗ ಕೆಲವು ಷರತ್ತುಗಳಿಗೊಳಪಟ್ಟು ಹೊಸದಾಗಿ ಒಪ್ಪಿಗೆ ಕೇಳದೆಯೇ ಮಾಹಿತಿ ಬಳಸಲು ಇಲಾಖೆಗಳಿಗೆ ಅವಕಾಶವಿದೆ. ಆದರೆ ಅದು ಬೇಕಾಬಿಟ್ಟಿ ಪರವಾನಗಿಯಲ್ಲ. ಅಗತ್ಯವಿರುವಷ್ಟನ್ನೇ ಪಡೆಯಬೇಕು, ಅದು ನಿಖರವಾಗಿರುವಂತೆ ನೋಡಿಕೊಳ್ಳಬೇಕು, ಅಗತ್ಯವಿರುವವರೆಗೆ ಮಾತ್ರ ಇಟ್ಟುಕೊಳ್ಳಬೇಕು, ಭದ್ರತೆ ಒದಗಿಸಬೇಕು, ಪ್ರಶ್ನಿಸಲು ಬರುವ ನಾಗರಿಕರಿಗೆ ಯಾರನ್ನು ಸಂಪರ್ಕಿಸಬೇಕೆಂದು ತಿಳಿಸಬೇಕು ಎಂದು ನಿಯಮಗಳ ಎರಡನೆಯ ಅನುಸೂಚಿ ಹೇಳುತ್ತದೆ. ಮಾಹಿತಿ ಸೋರಿದರೆ ಬಾಧಿತರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ವಿಳಂಬವಿಲ್ಲದೆ ತಿಳಿಸಬೇಕು. 72 ಗಂಟೆಯೊಳಗೆ ಮಂಡಳಿಗೆ ಸವಿವರ ವರದಿ ಹೋಗಬೇಕು. ಭದ್ರತಾ ಲೋಪಕ್ಕೆ 250 ಕೋಟಿ ರೂಪಾಯಿಯವರೆಗೂ ದಂಡ ವಿಧಿಸಬಹುದು.

ಕೊರತೆಗಳೂ ಇವೆ. ದತ್ತಾಂಶ ಸಂರಕ್ಷಣಾಧಿಕಾರಿಯ ನೇಮಕ ಕಡ್ಡಾಯವಾಗುವುದು ಕೇಂದ್ರ ಸರ್ಕಾರವು ‘ಮಹತ್ವದ’ ಹೊಣೆಗಾರರೆಂದು ಅಧಿಸೂಚಿಸಿದ ಸಂಸ್ಥೆಗಳಿಗೆ ಮಾತ್ರ. ದೇಶದ ಭದ್ರತೆ ಮೊದಲಾದ ಕಾರಣಗಳಿಗಾಗಿ ಸರ್ಕಾರದ ಯಾವುದೇ ಅಂಗವನ್ನು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಡುವ ಅಧಿಕಾರವೂ ಕೇಂದ್ರಕ್ಕಿದೆ. ಹೀಗಾಗಿ ಕಾನೂನು ಒತ್ತಾಯಿಸುವವರೆಗೆ ಕಾಯದೆ ಸ್ವತಃ ಹೊಣೆ ಹೊರುವ ಅಧಿಕಾರಿ ಇದ್ದಾರೆಯೇ ಎಂಬುದರ ಮೇಲೆ ಇಲಾಖೆಯ ನಡೆ ನಿಂತಿದೆ.

ಮುಂದಾಳು ಮಾಡಬೇಕಾದ ಕೆಲಸ

ಅಂತಹ ಅಧಿಕಾರಿಯ ಮೊದಲ ಕೆಲಸ ದುಬಾರಿ ತಂತ್ರಾಂಶ ಖರೀದಿಸುವುದಲ್ಲ, ಪಟ್ಟಿ ಮಾಡುವುದು. ಇಲಾಖೆಯ ಬಳಿ ಯಾರ ಯಾವ ಮಾಹಿತಿ ಇದೆ, ಎಲ್ಲಿದೆ, ಏಕಿದೆ, ಯಾರು ನೋಡಬಲ್ಲರು, ಯಾರಿಗೆ ಹೋಗುತ್ತದೆ ಎಂಬ ಪಟ್ಟಿ. ಮುಖ್ಯ ಗಣಕದಲ್ಲಿರುವುದು ಸುಲಭವಾಗಿ ಸಿಗುತ್ತದೆ. ತಾಲ್ಲೂಕು ಕಚೇರಿಯ ಪೆನ್‌ಡ್ರೈವ್‌ನಲ್ಲಿ, ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಜೆರಾಕ್ಸ್ ಅಂಗಡಿಯ ಗಣಕದಲ್ಲಿ ಉಳಿದುಹೋದ ಪ್ರತಿಗಳು ಹಾಗೆ ಸಿಗುವುದಿಲ್ಲ.

ಎರಡನೆಯದು ಅರ್ಜಿ ನಮೂನೆಗಳ ಪರಿಶೀಲನೆ. ವಿದ್ಯಾರ್ಥಿವೇತನಕ್ಕೆ ಆದಾಯದ ವಿವರ ಬೇಕು, ನಿಜ. ಆದರೆ ಹಳೆಯ ನಮೂನೆಯಿಂದ ನಕಲಾಗಿ ಬಂದ ಪ್ರತಿಯೊಂದು ಕಾಲಂಗೂ ಇಂದು ಉತ್ತರ ಬೇಕೇ? ಕೇಳದ ಮಾಹಿತಿ ಸೋರುವುದಿಲ್ಲ. ಬ್ರಿಟನ್ನಿನ ಸಿ.ಡಿ.ಗಳಿಂದ ಬ್ಯಾಂಕ್ ವಿವರವನ್ನು ಮೊದಲೇ ತೆಗೆದಿದ್ದರೆ ಆ ಅನಾಹುತದ ತೀವ್ರತೆ ಎಷ್ಟೋ ಕಡಿಮೆಯಾಗುತ್ತಿತ್ತು.

ಮೂರನೆಯದು ಪ್ರವೇಶದ ನಿಯಂತ್ರಣ. ಕಚೇರಿಯ ಐದು ಜನ ಒಂದೇ ಪಾಸ್‌ವರ್ಡ್ ಬಳಸಿದರೆ ಯಾರು ಯಾವ ಕಡತ ತೆರೆದರೆಂದು ತಿಳಿಯುವುದಿಲ್ಲ. ವರ್ಗಾವಣೆಯಾದ ನೌಕರನ, ಗುತ್ತಿಗೆ ಮುಗಿದ ಡಾಟಾ ಎಂಟ್ರಿ ಆಪರೇಟರನ ಪ್ರವೇಶ ಅಂದೇ ರದ್ದಾಗಬೇಕು. ಯಾರು ಯಾವಾಗ ಏನನ್ನು ನೋಡಿದರು ಎಂಬ ದಾಖಲೆಯನ್ನು ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ನಿಯಮವೇ ಹೇಳುತ್ತದೆ. ತಂತ್ರಾಂಶ ನಿರ್ವಹಿಸುವ ಖಾಸಗಿ ಕಂಪನಿಯಿಂದ ಮಾಹಿತಿ ಸೋರಿದರೂ ಕಾನೂನಿನ ಮುಂದೆ ಉತ್ತರಿಸಬೇಕಾದದ್ದು ಇಲಾಖೆಯೇ. ಆದ್ದರಿಂದ ಗುತ್ತಿಗೆ ಪತ್ರದಲ್ಲಿ ಈ ಷರತ್ತುಗಳು ಸಹಿಗೆ ಮೊದಲೇ ಇರಬೇಕು.

ನಾಲ್ಕನೆಯದು ಅತ್ಯಂತ ಕಠಿಣವಾದದ್ದು: ‘ಬೇಡ’ ಎನ್ನುವುದು. ಮತ್ತೊಂದು ಇಲಾಖೆ ಇಡೀ ಪಟ್ಟಿ ಕೇಳಿದಾಗ, ಹೊಸ ಯೋಜನೆಯ ಘೋಷಣೆಗೆ ದಿನ ನಿಗದಿಯಾಗಿ ಮೇಲಿನಿಂದ ಒತ್ತಡ ಬಂದಾಗ, ಯಾವ ಉದ್ದೇಶಕ್ಕೆ, ಯಾವ ಕಾನೂನಿನಡಿ, ಎಷ್ಟು ಮಾಹಿತಿ ಎಂದು ಲಿಖಿತವಾಗಿ ಕೇಳುವ ಧೈರ್ಯ ಬೇಕು. ಹಾಗೆ ಕೇಳಿದವರು ಮರುವಾರವೇ ವರ್ಗವಾಗುವ ವ್ಯವಸ್ಥೆಯಲ್ಲಿ ಈ ಹುದ್ದೆ ಹೆಸರಿಗಷ್ಟೇ ಉಳಿಯುತ್ತದೆ. ಅಮೆರಿಕ ಮತ್ತು ಯೂರೋಪಿನ ಕಾನೂನುಗಳು ಈ ಅಧಿಕಾರಿಗೆ ರಕ್ಷಣೆ ನೀಡಿರುವುದು ಈ ಕಾರಣಕ್ಕೇ.

ಗೋಪ್ಯತೆ ಗುರಾಣಿಯಾಗದಿರಲಿ

ಇದಕ್ಕೊಂದು ಮರುಮುಖವೂ ಇದೆ. ಹೊಸ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ವಿಧಿಯನ್ನೂ ಬದಲಿಸಿದೆ. ಹಿಂದೆ ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣ ಸಾಕು. ಪಡಿತರ ಯಾರ ಹೆಸರಿನಲ್ಲಿ ಹೋಗಿದೆ, ಗುತ್ತಿಗೆ ಯಾರ ಪಾಲಾಗಿದೆ ಎಂದು ಕೇಳುವವರಿಗೆ ಇದು ತೊಡಕಾಗುತ್ತದೆ ಎಂಬುದು ಮಾಹಿತಿ ಹಕ್ಕು ಹೋರಾಟಗಾರರ ಆತಂಕ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ನೀಡಬಹುದೆಂಬ 8(2) ವಿಧಿ ಇನ್ನೂ ಉಳಿದಿದೆ. ಫಲಾನುಭವಿಯ ಬ್ಯಾಂಕ್ ಖಾತೆಯನ್ನು ಮುಚ್ಚಿಟ್ಟು, ಅಧಿಕಾರಿಯ ನಿರ್ಧಾರವನ್ನು ತೆರೆದಿಡುವ ವಿವೇಚನೆಯೂ ಈ ನೇತೃತ್ವದ ಭಾಗವೇ.

ಖಾಸಗಿ ಅಂಗಡಿ ಹೆಚ್ಚು ವಿವರ ಕೇಳಿದರೆ ಗ್ರಾಹಕ ಬೇರೆ ಅಂಗಡಿಗೆ ಹೋಗಬಹುದು. ಪಿಂಚಣಿಗಾಗಿ ನಾಡಕಚೇರಿಯ ಸರತಿಯಲ್ಲಿ ನಿಂತ ವೃದ್ಧೆಗೆ ಬೇರೊಂದು ಸರ್ಕಾರವಿಲ್ಲ. ಕೇಳಿದ್ದನ್ನೆಲ್ಲ ಕೊಟ್ಟು, ಹೆಬ್ಬೆರಳು ಒತ್ತಿ, ನಂಬಿ ಮನೆಗೆ ಹೋಗುತ್ತಾಳೆ. 2027ರ ಗಡುವು ಬರುವ ಮೊದಲೇ ಆ ನಂಬಿಕೆಗೆ ಉತ್ತರದಾಯಿಯಾಗುವ ಒಬ್ಬ ಅಧಿಕಾರಿಯ ಹೆಸರು ಪ್ರತಿ ಕಚೇರಿಯ ಫಲಕದ ಮೇಲೆ ಬರಬೇಕಾಗಿದೆ.