ರೈಲಿನ ಕೂಗು, ಬೆಳಕಿನ ಲೆಕ್ಕ

ಚೆನ್ನೈಯ ನುಂಗಂಬಾಕ್ಕಂ ನಿಲ್ದಾಣದಲ್ಲಿ ಬೆಳಗಿನ ಗಾಡಿಗಾಗಿ ಕಾದು ನಿಲ್ಲುವ ನಮ್ಮ ಬಂಧುಗಳಿಗೆ ಒಂದು ಸಂಗತಿ ಅನುಭವದಿಂದಲೇ ಗೊತ್ತು. ಅಲ್ಲಿ ನಿಲ್ಲದೆ ಸಾಗುವ ಎಕ್ಸ್‌ಪ್ರೆಸ್ ಗಾಡಿಯ ಕೂಗು ಸಮೀಪಿಸುವಾಗ ಏರುದನಿಯಾಗಿಯೂ, ನಮ್ಮನ್ನು ದಾಟಿದೊಡನೆ ಇಳಿದನಿಯಾಗಿಯೂ ಕೇಳಿಸುವುದು. ಬರುವ ಗಾಡಿಯ ಸದ್ದಿನ ಅಲೆಗಳು ಒತ್ತೊತ್ತಾಗಿ ನಮ್ಮ ಕಿವಿಯನ್ನು ಮುಟ್ಟುತ್ತವೆ. ಹೋಗುವ ಗಾಡಿಯವು ಬಿಡಿಬಿಡಿಯಾಗಿ ಮುಟ್ಟುತ್ತವೆ. ಬೆಳಕಿಗೂ ಇಂಥದೇ ನಿಯಮವುಂಟೆಂದು ಆಸ್ಟ್ರಿಯದ ಡಾಪ್ಲರ್ ಎಂಬ ವಿಜ್ಞಾನಿ 1842ರಲ್ಲಿ ಸೂಚಿಸಿದರು. ನಮ್ಮತ್ತ ಬರುವ ದೀಪದ ಬೆಳಕು ನೇರಳೆಯ ಕಡೆಗೂ, ದೂರ ಸರಿಯುವ ದೀಪದ ಬೆಳಕು ಕೆಂಪಿನ ಕಡೆಗೂ ಜರುಗುವುದು.

ಇದೇ ನುಂಗಂಬಾಕ್ಕದಲ್ಲಿ 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ಖಗೋಲ ವೀಕ್ಷಣಾಲಯವು ಸ್ಥಾಪಿತವಾಯಿತು. ಅದರ ಕಲ್ಲುಕಂಬವು ಹವಾಮಾನ ಇಲಾಖೆಯ ಆವರಣದಲ್ಲಿ ಇಂದಿಗೂ ನಿಂತಿದೆ. ವೀಕ್ಷಣಾಲಯದ ಕಾರ್ಯವು 1899ರಲ್ಲಿ ಕೊಡೈಕನಾಲಿಗೆ ಸಾಗಿತು. ಅಲ್ಲಿ 1909ರ ಜನವರಿಯಲ್ಲಿ ಜಾನ್ ಎವರ್ಶೆಡ್ ಅವರು ಸೂರ್ಯನ ಕಪ್ಪು ಕಲೆಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಲು, ಅದರೊಳಗಿನ ಕಪ್ಪು ಗೆರೆಗಳು ಕೊಂಚ ಸರಿದಿದ್ದುವು. ಕಲೆಯಿಂದ ಅನಿಲವು ಹೊರಮುಖವಾಗಿ ಹರಿಯುತ್ತಿದೆಯೆಂದು ಅವರು ಅದರಿಂದಲೇ ತಿಳಿದರು. ಸುಮಾರು 15 ಕೋಟಿ ಕಿಲೋಮೀಟರು ದೂರದ ಚಲನೆಯನ್ನು ಬೆಟ್ಟದ ಮೇಲೆ ಕುಳಿತು ಅಳೆದಂತಾಯಿತು!

ಆದರೆ ಈ ಲೆಕ್ಕದಲ್ಲಿ ಒಂದು ತೊಡಕುಂಟು. ಸದ್ದಿಗೆ ಗಾಳಿಯ ಆಸರೆ ಬೇಕು. ಆದಕಾರಣ ಚಲಿಸುವವರು ಯಾರೆಂಬುದು ಮುಖ್ಯವಾಗುತ್ತದೆ. ಸದ್ದಿನ ವೇಗದ ಅರ್ಧದಷ್ಟು ವೇಗದಲ್ಲಿ ಗಾಡಿ ನಮ್ಮತ್ತ ಬಂದರೆ ಅದರ ಕೂಗಿನ ಕಂಪನ ಸಂಖ್ಯೆ 2 ಮಡಿಯಾಗುವುದು. ಗಾಡಿ ನಿಂತಿದ್ದು ನಾವೇ ಅದೇ ವೇಗದಲ್ಲಿ ಎದುರುಹೋದರೆ 1.5 ಮಡಿ ಮಾತ್ರ. ಬೆಳಕಿಗೆ ಗಾಳಿ ಬೇಡ. ಬರಿದಾದ ಆಕಾಶದಲ್ಲಿ ದೀಪ ಬಂದಿತೋ, ನಾವು ಹೋದೆವೋ ಹೇಳುವವರಾರು? ಹಾಗಿರುವಾಗ ಒಂದೇ ಖಾತೆಗೆ ಎರಡು ಮೊತ್ತಗಳು ಬರಬಹುದೆ?

1905ರಲ್ಲಿ ಐನ್‌ಸ್ಟೈನರು ಈ ಲೆಕ್ಕವನ್ನು ತಾಳೆಮಾಡಿಕೊಟ್ಟರು. ಚಲಿಸುವ ಗಡಿಯಾರವು ನಿಂತವನ ಲೆಕ್ಕಕ್ಕೆ ನಿಧಾನವಾಗಿ ನಡೆಯುವುದೆಂಬುದೇ ಅವರ ಉತ್ತರ. ಬೆಳಕಿನ ವೇಗದ ಅರ್ಧ ವೇಗದಲ್ಲಿ ಆ ನಿಧಾನದ ಪ್ರಮಾಣ 0.866. ದೀಪವೇ ಚಲಿಸುವುದೆಂದರೆ ಅದರ ಕಂಪನವೇ ನಿಧಾನ, 2ನ್ನು 0.866ರಿಂದ ಗುಣಿಸಿದರೆ 1.73. ನಾವು ಚಲಿಸುವುದೆಂದರೆ ನಮ್ಮ ಗಡಿಯಾರ ನಿಧಾನ, ಅದರ ಒಂದೊಂದು ಸೆಕೆಂಡಿನಲ್ಲಿ ಹೆಚ್ಚು ಅಲೆಗಳು ಎಣಿಕೆಗೆ ಬರುವುವು, 1.5ನ್ನು 0.866ರಿಂದ ಭಾಗಿಸಿದರೂ 1.73! ಎರಡು ಮೊತ್ತಗಳೂ ಒಂದಾದುವು.

ಇದು ಕಾಗದದ ಮೇಲಣ ಮಾತಷ್ಟೇ ಅಲ್ಲ. 1938ರಲ್ಲಿ ಅಮೆರಿಕದ ಐವ್ಸ್ ಮತ್ತು ಸ್ಟಿಲ್‌ವೆಲ್ ಅವರು ವೇಗವಾಗಿ ಧಾವಿಸುವ ಜಲಜನಕದ ಬೆಳಕಿನಲ್ಲಿ ಈ ನಿಧಾನವನ್ನು ಅಳೆದು ತೋರಿಸಿದರು. ಇಂದು ನಮ್ಮ ಫೋನಿಗೆ ದಾರಿ ತೋರುವ ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ತಮ್ಮ ವೇಗದ ಕಾರಣದಿಂದ ದಿನಕ್ಕೆ ಸೆಕೆಂಡಿನ ಸುಮಾರು 7 ದಶಲಕ್ಷಾಂಶದಷ್ಟು ಹಿಂದೆ ಬೀಳುತ್ತವೆ. ಭೂಮಿಯ ಆಕರ್ಷಣೆ ಮೇಲೆ ಕಡಮೆಯಾದುದರಿಂದ ಸುಮಾರು 45ರಷ್ಟು ಮುಂದೆಯೂ ಓಡುತ್ತವೆ. ಎರಡನ್ನೂ ಜಮಾ ಖರ್ಚು ಹಾಕಿಯೇ ಅವುಗಳನ್ನು ನಡೆಸುತ್ತಾರೆ.

ಗಲ್ಲಾದ ಹಣವೂ ಪುಸ್ತಕದ ಮೊತ್ತವೂ ಕೂಡದಿದ್ದರೆ ರಾತ್ರಿ ಎಷ್ಟಾದರೂ ಏಳದ ಗುಮಾಸ್ತರನ್ನು ನಾವೆಲ್ಲರೂ ಬಲ್ಲೆವು. ಸಣ್ಣ ವ್ಯತ್ಯಾಸವೆಂದು ಬಿಟ್ಟುಬಿಡದ ಆ ಹಟವೇ ಈ ದೊಡ್ಡ ಸತ್ಯದ ಬಾಗಿಲನ್ನೂ ತೆರೆಯಿತು. ವಿಜ್ಞಾನವು ನಮಗೆ ಅಷ್ಟೇನೂ ದೂರದ ನೆಂಟನಲ್ಲ.