ಶಾಸನಗಳಿಗೊಂದು ವಿಕಿ, ಕನ್ನಡಕ್ಕೊಪ್ಪುವ ಗುರುತುಗಳು

ಹಲವರು ಕೂಡಿ ಬರೆಯುವ, ಬರೆದದ್ದನ್ನು ಮತ್ತೊಬ್ಬರು ತಿದ್ದಬಹುದಾದ, ತಿದ್ದಿದ ಮೇಲೂ ಹಿಂದಿನ ರೂಪ ಅಳಿಯದೆ ಉಳಿಯುವ ಪುಟಗಳ ಸಮೂಹಕ್ಕೆ ವಿಕಿ ಎಂದು ಹೆಸರು. ಇಂಥ ಪುಟಗಳನ್ನು ನಡೆಸುವ ತಂತ್ರಾಂಶವನ್ನು ಯೋಜಿಸುವವರು ಸರ್ವರು, ದತ್ತಸಂಚಯ, ಭದ್ರತೆ ಮುಂತಾದವುಗಳನ್ನು ಮೊದಲು ನಿರ್ಧರಿಸಿ, ಬರೆಯುವವರು ಪಠ್ಯದ ನಡುವೆ ಹಾಕಬೇಕಾದ ಗುರುತುಗಳ ನಿಯಮವನ್ನು, ಅಂದರೆ ಮಾರ್ಕಪ್ಪನ್ನು, ಸಿದ್ಧವಾಗಿ ಸಿಕ್ಕಂತೆ ಒಪ್ಪಿಕೊಳ್ಳುವುದೇ ಹೆಚ್ಚು. ಕನ್ನಡದ ಮಟ್ಟಿಗೆ ಈ ಕ್ರಮ ತಿರುಗಬೇಕು; ಏಕೆಂದರೆ ಸರ್ವರನ್ನು ಮುಂದೆ ಬದಲಾಯಿಸಬಹುದು, ಸಾವಿರಾರು ಪುಟಗಳಲ್ಲಿ ಬೇರೂರಿದ ಗುರುತುಗಳನ್ನು ಬದಲಾಯಿಸುವುದು ಬಹು ಕಷ್ಟ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳಿಗೆ ಒಂದು ವಿಕಿಯನ್ನು ಯೋಜಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬಿ. ಎಲ್. ರೈಸ್ ಅವರು ಸಂಪಾದಿಸಿ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ 8ನೆಯ ಸಂಪುಟದಲ್ಲಿ ಸೊರಬದೊಂದಿಗೆ ಈ ಮೂರು ತಾಲೂಕುಗಳ ಶಾಸನಗಳು ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದಗಳೊಡನೆ ಅಚ್ಚಾಗಿವೆ. ತಾಲೂಕಿನ ಹೆಸರು, ಅದರ ಮುಂದೆ ಒಂದು ಅಂಕೆ ಎಂಬ ರೈಸ್ ಅವರ ಕ್ರಮವನ್ನೇ ವಿದ್ವಾಂಸರು ಇಂದಿಗೂ ಉಲ್ಲೇಖಕ್ಕೆ ಬಳಸುತ್ತಾರೆ. ಹೊಸನಗರ ತಾಲೂಕಿನ ಹುಂಚದ ಪಂಚಕೂಟ ಬಸದಿಗೆ ಸಂಬಂಧಿಸಿದ 1077ರ ಶಾಸನ ‘ನಗರ 35’ ಎಂದೇ ಪರಿಚಿತ. ಒಂದೊಂದು ಶಾಸನಕ್ಕೆ ಒಂದೊಂದು ಪುಟ, ಆ ಪುಟದಿಂದ ಊರಿಗೆ, ಅರಸನಿಗೆ, ಬಸದಿಗೆ ಕೊಂಡಿ ಎಂಬ ವಿಕಿಯ ವ್ಯವಸ್ಥೆಗೆ ಇದಕ್ಕಿಂತ ಒಪ್ಪುವ ಸಾಮಗ್ರಿ ಸಿಗುವುದು ಅಪರೂಪ.

ಮೊದಲ ತೊಡಕು ಕೊಂಡಿಯದೇ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ರೂಪಿಸಿದ ಮೊತ್ತಮೊದಲ ವಿಕಿಯಲ್ಲಿ ಎರಡು ಪದಗಳನ್ನು ಸೇರಿಸಿ, ಪ್ರತಿ ಪದದ ಮೊದಲಕ್ಷರವನ್ನು ದೊಡ್ಡದಾಗಿ ಬರೆದರೆ ಅದು ತಾನಾಗಿಯೇ ಕೊಂಡಿಯಾಗುತ್ತಿತ್ತು. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲದ ಕನ್ನಡದಲ್ಲಿ ಈ ಉಪಾಯ ನಡೆಯುವಂತಿಲ್ಲ. 2001ರಲ್ಲಿ ಆರಂಭವಾದ ಇಂಗ್ಲಿಷ್ ವಿಕಿಪೀಡಿಯ ಅದೇ ವರ್ಷ ಆ ಪದ್ಧತಿಯಿಂದ ಜೋಡಿ ಚೌಕಾವರಣದ ಪದ್ಧತಿಗೆ ಹೊರಳಿದ್ದರಿಂದ, 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯಕ್ಕೆ ಆ ಅಡಚಣೆ ಎದುರಾಗಲಿಲ್ಲ. ಆದರೂ ವಿಭಕ್ತಿಯ ಪ್ರಶ್ನೆ ಉಳಿಯುತ್ತದೆ. ‘ಹುಂಚದಲ್ಲಿ’ ಎಂಬುದನ್ನು [[ಹುಂಚ]]ದಲ್ಲಿ ಎಂದೂ, ‘ಕೆಳದಿಯ’ ಎಂಬುದನ್ನು [[ಕೆಳದಿ]]ಯ ಎಂದೂ ಬಿಡಿಸಿ ಬರೆಯಬಹುದು. ‘ಬಿದನೂರಿನ’ ಎಂಬಲ್ಲಿ ಮೂಲಪದದ ಕೊನೆಯ ಉಕಾರವೇ ಲೋಪವಾಗುವುದರಿಂದ [[ಬಿದನೂರು|ಬಿದನೂರಿನ]] ಎಂದು ನಡುವೆ ಒಂದು ನಿಲುಗೆರೆ ಎಳೆದು, ಪುಟದ ಹೆಸರನ್ನೂ ಓದುಗರಿಗೆ ಕಾಣಬೇಕಾದ ರೂಪವನ್ನೂ ಬೇರೆಬೇರೆಯಾಗಿ ಕೊಡಬೇಕು. ಉಕಾರಾಂತ ಪದಗಳು ಕನ್ನಡದಲ್ಲಿ ಎಷ್ಟು ಹೇರಳವೆಂಬುದನ್ನು ನೆನೆದರೆ, ಈ ನಿಲುಗೆರೆಯ ಸೌಲಭ್ಯವಿಲ್ಲದ ಯಾವ ಮಾರ್ಕಪ್ಪೂ ಕನ್ನಡಕ್ಕೆ ಒದಗುವುದಿಲ್ಲವೆಂದು ನಿಸ್ಸಂಕೋಚವಾಗಿ ಹೇಳಬಹುದು.

ಪುಟದ ಹೆಸರಿನ ವಿಚಾರ ಇನ್ನೂ ಗಹನವಾದದ್ದು. ರೈಸ್ ಅವರ ಕಾಲದ ನಗರ ತಾಲೂಕೇ ಇಂದಿನ ಹೊಸನಗರ ತಾಲೂಕು. ಆ ನಗರವೆಂಬ ಊರಾದರೂ ಕೆಳದಿಯ ಅರಸರ ಕೊನೆಯ ರಾಜಧಾನಿಯಾಗಿದ್ದಾಗ ಬಿದನೂರು, 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರನಗರ. ಸಾಂತರ ಅರಸರ ರಾಜಧಾನಿಯಾದ ಹುಂಚವು ಶಾಸನಗಳಲ್ಲಿ ಪೊಂಬುರ್ಚ, ಜೈನ ಯಾತ್ರಿಕರ ಬಾಯಲ್ಲಿ ಹೊಂಬುಜ. ಸಾಗರವೆಂದರೆ ಊರೂ ಹೌದು, ಕಡಲೂ ಹೌದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲೂಕುಗಳ ಹಲವು ಹಳ್ಳಿಗಳು ಮುಳುಗಿದ್ದರಿಂದ, 1904ರ ಸಂಪುಟ ಹೆಸರಿಸುವ ಊರು ಇಂದಿನ ಭೂಪಟದಲ್ಲಿ ಇರಲೇಬೇಕೆಂಬ ನಿಯಮವೂ ಇಲ್ಲ. ಹಳೆಯ ಹೆಸರನ್ನು ಹುಡುಕಿದವರನ್ನು ಸರಿಯಾದ ಪುಟಕ್ಕೆ ಕಳುಹಿಸುವ ಮರುನಿರ್ದೇಶನ, ಒಂದೇ ಹೆಸರಿನ ಹಲವು ವಿಷಯಗಳನ್ನು ಬೇರ್ಪಡಿಸಿ ತೋರಿಸುವ ದ್ವಂದ್ವನಿವಾರಣೆಯ ಪುಟ, ಇವೆರಡೂ ಈ ವಿಕಿಗೆ ಅಲಂಕಾರವಲ್ಲ, ಅಡಿಪಾಯ. ಮುಳುಗಿದ ಊರಿಗೂ ಅದರ ಹೆಸರಿನಲ್ಲೇ ಒಂದು ಪುಟ ಇರಬೇಕಾದದ್ದು ನ್ಯಾಯ.

ಗುರುತುಗಳನ್ನು ಬೆರಳುಗಳಿಂದ ಒತ್ತಬೇಕಲ್ಲವೇ? ಇಲ್ಲಿ ಕೀಲಿಮಣೆಯ ಪಾತ್ರ ದೊಡ್ಡದು. ಕೇಂದ್ರ ಸರ್ಕಾರದ ಮಾನಕವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ತೆರೆಯುವ ಚೌಕಾವರಣದ ಕೀಲಿ ಒತ್ತಿದರೆ ‘ಡ’ ಮೂಡುತ್ತದೆ, ದಪ್ಪ ಅಕ್ಷರಕ್ಕೆ ಬೇಕಾದ ಒಂಟಿ ಉದ್ಧರಣ ಚಿಹ್ನೆಯ ಕೀಲಿಯಲ್ಲಿ ‘ಟ’ ಇದೆ, ಶೀರ್ಷಿಕೆಗೆ ಬೇಕಾದ ಸಮಚಿಹ್ನೆಯ ಜಾಗದಲ್ಲಿ ಋಕಾರದ ವಟ್ರಸುಳಿ ಕುಳಿತಿದೆ. ಹಾಗಾಗಿ ಪ್ರತಿ ಕೊಂಡಿಗೂ ಬರಹಗಾರರು ಇಂಗ್ಲಿಷಿಗೆ ಹೋಗಿ ಮರಳಬೇಕು. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸುವ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಇಡೀ ವರ್ಣಮಾಲೆ ಇಪ್ಪತ್ತಾರು ಅಕ್ಷರಕೀಲಿಗಳೊಳಗೇ ಅಡಕವಾಗಿರುವುದರಿಂದ ಈ ಚಿಹ್ನೆಗಳು ತಮ್ಮ ಜಾಗದಲ್ಲೇ ಉಳಿಯುತ್ತವೆ. ಇಬ್ಬಗೆಯ ಬರಹಗಾರರೂ ಬರುವರೆಂದು ಎಣಿಸಿ, ಗುರುತುಗಳ ಸಂಖ್ಯೆಯನ್ನು ಐದಾರಕ್ಕೆ ಮಿತಗೊಳಿಸಿ, ಅವುಗಳಿಗೆ ಒತ್ತುಗುಂಡಿಗಳನ್ನು ಪರದೆಯ ಮೇಲೇ ಒದಗಿಸುವುದು ವಿವೇಕ. ಓರೆ ಅಕ್ಷರದ ಗುರುತನ್ನು ಪೂರ್ತಿ ಬಿಟ್ಟರೂ ನಷ್ಟವಿಲ್ಲ. ಕನ್ನಡ ಮುದ್ರಣದಲ್ಲಿ ಒತ್ತು ತೋರಿಸಲು ಉದ್ಧರಣ ಚಿಹ್ನೆಯೇ ರೂಢಿ, ಕನ್ನಡದ ದುಂಡು ಅಕ್ಷರಗಳು ಓರೆಯಾದರೆ ಓದಿಗೆ ಹಿತವೂ ಅಲ್ಲ.

ಶಾಸನಪಾಠಕ್ಕೆ ಅದರದೇ ಗುರುತುಗಳಿವೆ ಎಂಬುದನ್ನು ತಂತ್ರಜ್ಞರು ಮರೆಯುವ ಸಂಭವ ಹೆಚ್ಚು. ಸವೆದ, ಸಂದೇಹವಿರುವ, ತಿದ್ದಿದ ಅಕ್ಷರಗಳನ್ನು ತೋರಿಸಲು ಚೌಕಾವರಣ, ದುಂಡಾವರಣಗಳನ್ನು ಹಾಕುವುದು ಸಂಪಾದಕರ ವಾಡಿಕೆ. ಜಾನ್ ಗ್ರೂಬರ್ 2004ರಲ್ಲಿ ಪ್ರಕಟಿಸಿದ, ಈಗ ಎಲ್ಲೆಡೆ ಬಳಕೆಯಲ್ಲಿರುವ ಮಾರ್ಕ್‌ಡೌನ್ ಪದ್ಧತಿಯಲ್ಲಿ ಚೌಕಾವರಣದ ಬೆನ್ನಿಗೇ ದುಂಡಾವರಣ ಬಂದರೆ ಅದೇ ಕೊಂಡಿಯ ಗುರುತು. [ದೇವ](ರು) ಎಂದು ಬರೆದ ಸಂಪಾದಕರ ಎಚ್ಚರಿಕೆಯೆಲ್ಲ ಎಲ್ಲಿಗೂ ತಲುಪದ ಒಂದು ಕೊಂಡಿಯಾಗಿ ಕರಗಿಹೋಗುತ್ತದೆ. ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯಲ್ಲಿ ಒಂಟಿ ಚೌಕಾವರಣದೊಳಗೆ ಜಾಲವಿಳಾಸ ಇಲ್ಲದಿದ್ದರೆ ಅದು ಇದ್ದಂತೆಯೇ ಉಳಿಯುತ್ತದಾದರೂ ಅಲ್ಲಿ ಬೇರೆ ಅಪಾಯವಿದೆ. ಪದ್ಯದ ಕೊನೆಯ ದಂಡಕ್ಕೆ ಬದಲಾಗಿ ನಿಲುಗೆರೆಯನ್ನೇ ಒತ್ತುವ ಅಭ್ಯಾಸ ಕನ್ನಡ ಬೆರಳಚ್ಚಿನಲ್ಲಿ ವ್ಯಾಪಕ. ಕೋಷ್ಟಕದ ಒಂದೇ ಸಾಲಿನಲ್ಲಿ ಹೀಗೆ ಎರಡು ನಿಲುಗೆರೆ ಒತ್ತೊತ್ತಾಗಿ ಬಿದ್ದರೆ ಪದ್ಯ ಅಲ್ಲಿಗೆ ತುಂಡಾಗಿ ಮುಂದಿನ ಭಾಗ ಪಕ್ಕದ ಕೋಣೆಗೆ ಸೇರುತ್ತದೆ. ಯೂನಿಕೋಡಿನಲ್ಲಿ ದೇವನಾಗರಿಯ ವಿಭಾಗದಲ್ಲಿರುವ, ಹಲವು ಭಾರತೀಯ ಲಿಪಿಗಳಿಗೆ ಸಮಾನವಾದ ದಂಡ (।) ಮತ್ತು ಜೋಡಿದಂಡಗಳನ್ನೇ (॥) ಬಳಸಬೇಕೆಂಬ ನಿಯಮವನ್ನು ಮೊದಲ ದಿನವೇ ಹಾಕಿಕೊಂಡರೆ ಈ ತೊಂದರೆ ತಪ್ಪುತ್ತದೆ.

ವಿಕಿಗಳ ನಡುವೆ ಒಂದೇ ಮಾರ್ಕಪ್ ಇರಲೆಂದು 2007ರಲ್ಲಿ ಕ್ರಿಯೋಲ್ ಎಂಬ ಸಮಾನ ನಿಯಮಾವಳಿ ಬಂದಿತಾದರೂ ಬಳಕೆ ವಿರಳ. ಸಣ್ಣ ಸಂಸ್ಥೆಗಳಿಗೆ ದತ್ತಸಂಚಯವೇ ಬೇಡದ ಡೋಕುವಿಕಿ ಎಂಬ ತಂತ್ರಾಂಶ ಸುಲಭವೆನಿಸುತ್ತದೆ. ಆದರೆ ಅದು ಮೂಲ ಹೊಂದಿಕೆಯಲ್ಲಿ ಪುಟದ ಹೆಸರನ್ನು ಕಡತದ ಹೆಸರಾಗಿಸುವಾಗ ಕನ್ನಡದ ಪ್ರತಿ ಸಂಕೇತವನ್ನು, ಅಂದರೆ ವ್ಯಂಜನ, ಸ್ವರಚಿಹ್ನೆ, ವಿರಾಮಗಳನ್ನು ಬೇರೆಬೇರೆಯಾಗಿ, ಒಂಬತ್ತು ರೋಮನ್ ಚಿಹ್ನೆಗಳಾಗಿ ಹಿಗ್ಗಿಸುತ್ತದೆ. ಕಡತದ ಹೆಸರಿಗೆ ಸಾಮಾನ್ಯ ಮಿತಿ 255 ಬೈಟ್ ಆಗಿರುವುದರಿಂದ ಮೂವತ್ತಕ್ಕೂ ಕಡಿಮೆ ಸಂಕೇತಗಳಲ್ಲೇ ಹೆಸರು ಮುಗಿಯಬೇಕು. ಮೀಡಿಯಾವಿಕಿಯ ಮಿತಿಯೂ 255 ಬೈಟೇ, ಆದರೆ ಅಲ್ಲಿ ಕನ್ನಡ ಸಂಕೇತವೊಂದಕ್ಕೆ ಮೂರೇ ಬೈಟ್. ಎಂಬತ್ತೈದು ಸಂಕೇತಗಳವರೆಗೆ ಅವಕಾಶವಿದೆ. ವರ್ಗ, ಚಿತ್ರ ಮುಂತಾದ ಕನ್ನಡ ಪದಗಳನ್ನೇ ಗುರುತುಗಳಲ್ಲಿ ಬರೆಯುವ ಅನುಕೂಲವೂ ಸೇರಿ, ಈ ಕೆಲಸಕ್ಕೆ ಮೀಡಿಯಾವಿಕಿಯೇ ಹೆಚ್ಚು ತಕ್ಕದ್ದು.

ಅದರಲ್ಲೂ ಬಗೆಹರಿಯದೆ ಉಳಿಯುವುದು ಹಳಗನ್ನಡದ ಱ, ೞ ಅಕ್ಷರಗಳ ಸಂಗತಿ. ಯೂನಿಕೋಡ್ ಇವೆರಡಕ್ಕೂ ಜಾಗ ಕೊಟ್ಟಿದೆ. ಆದರೆ ‘ಏಳು’ ಎಂದು ಹುಡುಕಿದವರಿಗೆ ‘ಏೞು’ ಎಂದಿರುವ ಶಾಸನ ಸಿಗುವುದಿಲ್ಲ, ಮರುನಿರ್ದೇಶನವೂ ಪುಟದ ಹೆಸರಿಗಷ್ಟೇ ಅನ್ವಯಿಸುತ್ತದೆ. ಕಲ್ಲಿನ ಮೇಲಿದ್ದಂತೆ ಸಾಲು ಸಾಲಾಗಿ ಒಂದು ಪಾಠ, ಅದರ ಕೆಳಗೆ ಇಂದಿನ ಅಕ್ಷರಗಳಲ್ಲಿ ಇನ್ನೊಂದು ಪಾಠ ಎಂದು ಪ್ರತಿ ಪುಟದಲ್ಲಿಯೂ ಎರಡನ್ನಿಡುವುದು ಶ್ರಮದ ಕೆಲಸವೇ ಹೌದು. ಆದರೂ ‘ನಗರ 35’ರಂಥ ದೀರ್ಘ ಶಾಸನವನ್ನು ಹುಂಚದ ಶಾಲೆಯ ವಿದ್ಯಾರ್ಥಿಯೊಬ್ಬಳು ತಾನು ಕಲಿತ ಇಂದಿನ ಅಕ್ಷರಗಳಿಂದಲೇ ಹುಡುಕಿ ತೆಗೆಯಬೇಕಾದರೆ ಆ ಎರಡನೆಯ ಪಾಠ ಇರಲೇಬೇಕು.